ಅತ್ತೆಯ ಖಾನೆಯ ಬೂಷ್ಟು

ಪ್ರಯೋಗಾಲಯದ ಮುಖ್ಯಸ್ಥೆಯೇ ಅತ್ತೆಯಾಗಿದ್ದರಿಂದ ಸೊಸೆಗೆ ಮನೆಯಲ್ಲೂ ಕೆಲಸದಲ್ಲೂ ಒಂದೇ ಉಪದೇಶ: "ಎಲ್ಲೂ ಬೂಷ್ಟು ಹಿಡೀಬಾರದು!"

ಸೊಸೆ ಗಾಜಿನ ಫ್ಲಾಸ್ಕುಗಳಲ್ಲಿ ಔಷಧಿ ಗಿಡದ ಬೇರುಗಳನ್ನು ಬೆಳೆಸುತ್ತಿದ್ದಳು. ಸಕ್ಕರೆ ನೀರು ಕುಡಿದು ಅವು ಚೆನ್ನಾಗಿ ಕೊಬ್ಬಿದ್ದವು. ಔಷಧಿಯ ಅಂಶ ಮಾತ್ರ ಹೆಸರಿಗಷ್ಟೇ ಇತ್ತು. ಶತ್ರುವಿನ ಭಯವೇ ಇಲ್ಲದ ಬೇರು ಯಾಕಾದರೂ ಮೈ ಬಗ್ಗಿಸೀತು? ಸ್ವಲ್ಪ ಬೂಷ್ಟಿನ ಸುಳಿವು ಕೊಟ್ಟರೆ ಹೆದರಿ ತನ್ನ ರಕ್ಷಣೆಗೆ ಔಷಧಿ ತಯಾರಿಸುತ್ತದೆ ಎಂದು ಅವಳು ಎಷ್ಟು ಹೇಳಿದರೂ ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಲ್ಯಾಬಿನಲ್ಲಿ ಪೆನ್ನು ಹುಡುಕುತ್ತಾ ಅತ್ತೆಯ ಮೇಜಿನ ಖಾನೆ ಎಳೆದರೆ, ಅವರು ಮರೆತಿದ್ದ ಬ್ರೆಡ್ಡಿನ ಮೇಲೆ ಹಸಿರು ಬೂಷ್ಟು ಸೊಂಪಾಗಿ ಬೆಳೆದಿತ್ತು. ಸೊಸೆ ಸದ್ದಿಲ್ಲದೆ ಅದನ್ನು ಬೇರೆಯಾಗಿ ಬೆಳೆಸಿ, ಬೇಯಿಸಿ ಕೊಂದು, ಸೋಸಿದ ಸಾರವನ್ನು ನಾಲ್ಕು ಫ್ಲಾಸ್ಕುಗಳಿಗೆ ಹನಿಸಿದಳು. ಮೂರೇ ದಿನಕ್ಕೆ ಬೇರುಗಳು ಕಂದುಬಣ್ಣಕ್ಕೆ ತಿರುಗಿದವು. ಔಷಧಿಯ ಅಂಶ ಐದು ಪಟ್ಟಾಗಿತ್ತು.

ಅತ್ತೆ ಎರಡೆರಡು ಸಲ ಪರೀಕ್ಷಿಸಿ ಕೇಳಿದರು. "ಇದಕ್ಕೇನು ಹಾಕಿದೆ?"

"ಸತ್ತ ಬೂಷ್ಟಿನ ಸಾರ, ಅತ್ತೆ."

"ನನ್ನ ಲ್ಯಾಬಲ್ಲಿ ಬೂಷ್ಟಾ? ಎಲ್ಲಿತ್ತು?"

ಸೊಸೆ ವಿನಯದಿಂದ ವರದಿ ಮುಂದಿಟ್ಟಳು. 'ಮೂಲ: ಮುಖ್ಯಸ್ಥರ ಮೇಜಿನ ಖಾನೆ' ಎಂದಿತ್ತು.

ಅತ್ತೆಯ ಮುಖ ಕೆಂಪೇರಿತು. ಎದ್ದು ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು. "ಇದೊಂದು ಸಾಲು ತೆಗೆದುಬಿಡಮ್ಮ."

"ಸುಳ್ಳು ಬರೆಯೋಕಾಗುತ್ತಾ ಅತ್ತೆ?"

ಕೊನೆಗೆ 'ಹಳಸಿದ ಬ್ರೆಡ್' ಎಂದಷ್ಟೇ ಬರೆಯುವುದೆಂದು ರಾಜಿಯಾಯಿತು. ಅದಕ್ಕೆ ಬದಲಾಗಿ ಸೊಸೆಗೆ ಇನ್ನೂ ನಲವತ್ತು ಫ್ಲಾಸ್ಕುಗಳೂ, ಕಿಟಕಿ ಪಕ್ಕದ ಮೇಜೂ ಸಿಕ್ಕವು.