ಟಾನಿಕ್ ಕುಡಿದ ಇಲಿಗಳು

ಇಲಿ ಮೂತ್ರದ ನಾತ ಯಾವ ಸೋಪಿಗೂ ಜಗ್ಗುವುದಿಲ್ಲ. ಡಾಕ್ಟರ್ ಕುಟ್ಟಪ್ಪನವರ ಬಂಗಲೆಯ ಹಿಂದಿನ ಕಾಫಿ ಗೋಡೌನಿನಲ್ಲಿ ಅರವತ್ತು ಬಿಳಿ ಇಲಿಗಳಿದ್ದವು. ಅವುಗಳ ಗೂಡು ತೊಳೆಯುವವಳು ನಾನು, ನಿಂಗಮ್ಮ. ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ ಅದು. ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಈ ಹೊಲಸು ಕೆಲಸಕ್ಕೆ ನಾನು ಸೇರಿದ್ದು ತಂಗಿ ಕೆಂಚಿಗೋಸ್ಕರ. ಅವಳಿಗೆ ಹನ್ನೆರಡನೇ ವಯಸ್ಸಿನಿಂದ ಮೂರ್ಛೆರೋಗ. ಡಾಕ್ಟರು ಅದಕ್ಕೇ ಔಷಧಿ ಹುಡುಕುತ್ತಿದ್ದರು.

ಇಲಿಯ ನೆತ್ತಿ ಬೋಳಿಸಿ, ಬುರುಡೆಗೆ ಸಣ್ಣ ತಂತಿ ಅಂಟಿಸಿ, ಇನ್ನೊಂದು ತುದಿಯನ್ನು ಮಿಲಿಟರಿ ಹರಾಜಿನಲ್ಲಿ ತಂದ ಯಂತ್ರಕ್ಕೆ ಸಿಕ್ಕಿಸುತ್ತಿದ್ದರು. ಮೆದುಳಿನೊಳಗಿನ ಕರೆಂಟನ್ನು ಯಂತ್ರದ ಮುಳ್ಳು ಶಾಯಿಯಲ್ಲಿ ಕಾಗದದ ಮೇಲೆ ಗೀಚುತ್ತಿತ್ತು. ಆಮೇಲೆ ಡಾಕ್ಟರು ಬೀಗದ ಕೈಗಳ ಗೊಂಚಲನ್ನು ಇಲಿಯ ಪಕ್ಕ ಜಣಜಣ ಅಲ್ಲಾಡಿಸುತ್ತಿದ್ದರು. ಆ ಜಾತಿಯ ಇಲಿಗೆ ಆ ಸದ್ದು ತಡೆಯದು. ಹುಚ್ಚೆದ್ದು ಓಡಿ, ಬಿದ್ದು, ಕಾಲು ಸೆಟೆದು ಒದ್ದಾಡುತ್ತಿತ್ತು. ಮುಳ್ಳು ಕಾಗದ ಹರಿಯುವ ಹಾಗೆ ಕುಣಿಯುತ್ತಿತ್ತು. ಕಾಗದದ ಸುರುಳಿ ಸುತ್ತಿಡುವುದೂ ನನ್ನ ಕೆಲಸವೇ.

ನಮ್ಮಲ್ಲಿ ಮೂರ್ಛೆ ಬಂದವರ ಕೈಗೆ ಬೀಗದ ಕೈ ಹಿಡಿಸುತ್ತಾರೆ, ಕಬ್ಬಿಣ ಸೋಕಿದರೆ ನಿಲ್ಲುತ್ತದೆ ಎಂದು. ಮೊದಲ ದಿನ ಇಲಿಯ ಒದ್ದಾಟ ನೋಡಲಾರದೆ ನಾನೂ ಸೊಂಟದ ಬೀಗದ ಕೈ ತೆಗೆದು ಅದರ ಪಾದಕ್ಕೆ ಒತ್ತಲು ಹೋದೆ. ಜಣ್ ಎಂದಿತು, ಪಕ್ಕದ ಗೂಡಿನ ನಾಲ್ಕು ಇಲಿಗಳೂ ಉರುಳಿಬಿದ್ದವು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಂಗಮ್ಮ, ನಿಮ್ಮ ಮದ್ದು ಭಾರಿ ಜೋರುಂಟು."

ಆ ವರ್ಷ ಅವರು ಜೇನಿನಲ್ಲಿ ಕಲಸಿದ ಕರಿ ಟಾನಿಕ್ ಒಂದನ್ನು ಮಾಡಿದರು. ಅದನ್ನು ಕುಡಿದ ಹತ್ತು ಇಲಿಗಳ ಮುಂದೆ ಎಷ್ಟು ಜಣಗುಟ್ಟಿಸಿದರೂ ಒಂದೂ ಬೀಳಲಿಲ್ಲ. ಕಣ್ಣಾರೆ ನೋಡಿದ್ದೆ. ಕೆಂಚಿಯೋ, ಮಡಿಕೇರಿ ಆಸ್ಪತ್ರೆಯ ಬಿಳಿ ಮಾತ್ರೆ ನುಂಗಿ ಮೂರು ಹೊತ್ತೂ ತೂಕಡಿಸುತ್ತಿದ್ದಳು. ಮಾತ್ರೆ ಬಿಡಿಸಿ ಟಾನಿಕ್ ಹಿಡಿಸಿದವಳು ನಾನೇ. ಡಾಕ್ಟರು ಅವಳ ತಲೆ ಸವರಿ ಶೀಸೆ ಕೊಟ್ಟರು.

"ಮಾತ್ರೆ ಬಿಟ್ರೆ ಏನೂ ಆಗಾಕಿಲ್ವಾ ಅಕ್ಕ?" ಎಂದು ಕೆಂಚಿ ಕೇಳಿದಳು.

"ಇಲಿಗೇ ಆಗಿಲ್ಲ, ನಿಂಗೇನಾದಾತು, ಕುಡಿ" ಎಂದೆ. ದೊಡ್ಡ ಪಂಡಿತೆ ನಾನು.

ಹತ್ತನೇ ದಿನ ಮಡಿಕೇರಿಯಿಂದ ತೋಟದ ಸಾಹುಕಾರರು ಟಾನಿಕ್ಕಿನ ಪವಾಡ ನೋಡಲು ಬರುವವರಿದ್ದರು. ಬೆಳಿಗ್ಗೆ ಅವರಿಗೆ ತೋರಿಸುವ ಕಾಗದಗಳನ್ನು ಬಿಡಿಸಿ ಜೋಡಿಸುತ್ತಿದ್ದೆ. ಮೂರ್ಛೆ ಬರಲಿ ಬಿಡಲಿ, ಬೀಗದ ಕೈ ಅಲುಗಿದ ಕ್ಷಣ ಎಲ್ಲ ಇಲಿಯ ಗೆರೆಯೂ ಒಮ್ಮೆ ಬೆಚ್ಚುತ್ತದೆ. ನೂರಾರು ಸುರುಳಿ ಸುತ್ತಿದವಳಿಗೆ ಅಷ್ಟು ಗೊತ್ತಿರುತ್ತದೆ. ಟಾನಿಕ್ ಕುಡಿದವುಗಳ ಗೆರೆ ಕದಲಿರಲೇ ಇಲ್ಲ. ಮೂರ್ಛೆ ತಪ್ಪಿದ್ದಲ್ಲ ಅದು, ಸದ್ದೇ ಕೇಳಿಸಿಲ್ಲ.

ಅವುಗಳಲ್ಲಿ ಒಂದು ಇಲಿಯನ್ನು ಹಿಡಿದು ಬೆಳಕಿಗೆ ತಿರುಗಿಸಿದೆ. ಕಿವಿಯೊಳಗೆ ಮೇಣ ಗಿಡಿದು ತುಂಬಿತ್ತು. ಹತ್ತಕ್ಕೆ ಹತ್ತೂ ಹಾಗೆಯೇ. ಒಂದರ ಕಿವಿ ಕೀವಾಗಿ ಮೇಣದ ಜೊತೆ ಹಳದಿ ನೀರು ನನ್ನ ಬೆರಳಿಗೆ ಅಂಟಿತು. ಥೂ! ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಎನ್ನುವುದು ಇಂಥವರಿಗೇ.

ಡಾಕ್ಟರು ಇಸ್ತ್ರಿ ಕೋಟು ಹಾಕಿಕೊಂಡು ಬಂದರು. ಮೇಣ ಅಂಟಿದ ಬೆರಳು ತೋರಿಸಿದೆ. ಅವರು ಬೆಚ್ಚಲೂ ಇಲ್ಲ.

"ಟಾನಿಕ್ ಒಳ್ಳೇದೇ. ಇವತ್ತೊಂದು ದಿವಸ ಇಲಿ ಕೈಕೊಟ್ರೆ ಯಾರು ನಂಬ್ತಾರೆ?"

"ಮೇಣ ಹಾಕದೆ ಒಂದಾದ್ರೂ ಬೀಳದೆ ಉಳೀತಾ ಬುದ್ಧಿ?"

ಅವರು ಕೋಟಿನ ಗುಂಡಿ ಹಾಕಿಕೊಂಡರು.

"ನಮ್ ಕೆಂಚಿ ಮಾತ್ರೆ ಬಿಟ್ಟವಳೆ. ನಿಮ್ಗೆ ಗೊತ್ತಿತ್ತು."

"ಹತ್ತು ದಿವಸದಿಂದ ಅವಳಿಗೆ ಬಂದಿಲ್ಲ ಅಲ್ವಾ? ನೋಡೋಣ."

ನೋಡೋಣವಂತೆ. ಅರವತ್ತು ಸಾಲದೆ ಅರವತ್ತೊಂದನೆಯದು ನನ್ನ ತಂಗಿ, ಅದನ್ನು ಹಿಡಿದು ಕೊಟ್ಟವಳು ನಾನು. ಆ ಮನುಷ್ಯನ ಮುಖ ನೋಡಲೂ ಅಸಹ್ಯವಾಯಿತು, ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ. ಸಾಹುಕಾರರಿಗೆಂದು ಇಟ್ಟಿದ್ದ ಬಿಸ್ಕತ್ತಿನ ತಟ್ಟೆಗೆ ಆ ಮೇಣವನ್ನು ಒರೆಸಿ ಹೊರಬಿದ್ದೆ.

ಎರಡು ಮೈಲಿಯನ್ನು ಓಡುತ್ತಲೇ ಬಂದೆ. ಅಂಗಳದಲ್ಲಿ ಜನ ಸೇರಿದ್ದರು. ಪಕ್ಕದ ಮನೆ ಶಕುಂತಲಮ್ಮ ಕೆಂಚಿಯ ಮೂಗಿಗೆ ಹಳೇ ಚಪ್ಪಲಿ ಹಿಡಿದಿದ್ದಳು. ಬೆಳಿಗ್ಗೆಯಿಂದ ಇದು ಮೂರನೆಯದಂತೆ. ಒಲೆಯ ಮೇಲೆ ಬಿದ್ದು ಬಲಗೈ ಮೊಣಕೈವರೆಗೆ ಬೆಂದಿತ್ತು. ಚಪ್ಪಲಿ ಕಿತ್ತು ಎಸೆದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಹಳ ಹೊತ್ತಿನ ಮೇಲೆ ಪೂರ್ತಿ ಎಚ್ಚರವಾಯಿತು. ಉಳಿದಿದ್ದ ಬಿಳಿ ಮಾತ್ರೆಯನ್ನು ನೀರಿನ ಜೊತೆ ಕೊಟ್ಟೆ. ಏನೊಂದೂ ಕೇಳದೆ ನುಂಗಿದಳು. ಆಮೇಲೆ ಚೆನ್ನಾಗಿದ್ದ ಕೈಯಲ್ಲಿ ನನ್ನ ಸೆರಗು ಹಿಡಿದು ಹತ್ತಿರಕ್ಕೆ ಎಳೆದಳು.

"ಅಕ್ಕ, ನಂಗೆ ಬಂತು ಅಂತ ಡಾಕ್ಟ್ರಿಗೆ ಹೇಳ್ಬೇಡ. ಪಾಪ, ಅಷ್ಟು ಕಷ್ಟಪಟ್ಟವ್ರೆ, ಬೇಜಾರ್ ಮಾಡ್ಕೋತಾರೆ."