ದೈತ್ಯನ ಕೋಟಿನ ಕೆಂಪು ಗಂಟು

"ಎಳೆದ್ರೆ ಬಿಚ್ಕೊಳ್ಳೋದು ಮೂಟೆ ಪುಟ್ಟೀ, ಕೋಟಲ್ಲ," ಎಂದ ಫ್ಲೋರಿಮಾನ್. ಗುಂಡುಸೂಜಿ ಕಚ್ಚಿಕೊಂಡೇ ಬೈಯುವುದು ಮುದುಕನಿಗೆ ಹಳೆಯ ಅಭ್ಯಾಸ. "ಬಸ್ಸಲ್ಲಿ ಯಾರದಾದ್ರೂ ತೋಳು ಕಳಚಿ ಬಿದ್ರೆ ನನ್ನ ಹೆಸರು ಹೇಳ್ಬೇಡ."

"ನಿಮ್ಮ ಹೆಸರು ಯಾರಿಗೆ ಬೇಕಾಗಿದೆ," ಎಂದಳು ಸೊಲೆನ್ ತಲೆ ಎತ್ತದೆ. "ಆ ಕಾಲರ್ ಕೊಡಿ ಇಲ್ಲಿ."

ರೂಬೆ ಊರಿನ ಮುಚ್ಚಿಹೋದ ಬಟ್ಟೆ ಗಿರಣಿಯ ಮೂಲೆಕೋಣೆಯಲ್ಲಿ ಇವರಿಬ್ಬರದೇ ಕಾರುಬಾರು. ಅವನು ಕತ್ತರಿಸುವುದು, ಅವಳು ಹೊಲಿಯುವುದು. ಲೀಲ್ ಪಟ್ಟಣದ ಒಂದೇ ಒಂದು ಅಂಗಡಿ ಇವರ ಉಣ್ಣೆ ಕೋಟುಗಳನ್ನು ಮಾರುತ್ತಿತ್ತು. ಅದರ ಒಡತಿ ಮದಾಂ ದ್ಯುಬ್ರುಲ್ ಇವತ್ತು ಬರುವವಳಿದ್ದಳು. ಬಟ್ಟೆ ಮಾಡಿದವರೇ ಅದರ ಕೊನೆಗಾಲಕ್ಕೂ ಹೊಣೆ ಎಂಬ ಕಾನೂನು ಬಿಗಿಯಾದಾಗಿನಿಂದ ಅವಳು ಸಣ್ಣ ಹೊಲಿಗೆಯವರನ್ನು ಒಬ್ಬೊಬ್ಬರನ್ನಾಗಿ ಕೈಬಿಡುತ್ತ ಬಂದಿದ್ದಳು. ಆ ಅಂಗಡಿ ತಪ್ಪಿದರೆ ಈ ಕೋಣೆಗೂ ಬೀಗವೇ.

ಹೊಣೆಯೆಂದರೆ ಏನೆಂದು ಸೊಲೆನ್‌ಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ. ಯಾರೋ ಹುಳ ತಿಂದ ಕೋಟೊಂದನ್ನು ಮರಳಿಸಿದ್ದರು. ಒಳ್ಳೆಯ ಭಾಗ ಉಳಿಸೋಣವೆಂದು ಬಿಚ್ಚಲು ಕೂತಳು. ಎರಡೆರಡು ಸಾಲು ನೈಲಾನ್ ಹೊಲಿಗೆ, ಎದೆಯೊಳಗೆ ಇಸ್ತ್ರಿಯಿಂದ ಅಂಟಿಸಿದ ಪದರ. ಎಲ್ಲ ಇವರದೇ ಕೈವಾಡ, ಇವರದೇ ಜಂಬ. ಎಳೆದರೆ ದಾರದ ಜೊತೆ ಉಣ್ಣೆಯೂ ಹರಿದು ಬಂತು. ಗಟ್ಟಿ ಮಾಡುತ್ತೇವೆಂದುಕೊಂಡು ಇಷ್ಟು ದಿನ ಸುಡುವುದಕ್ಕಲ್ಲದೆ ಇನ್ನಾವುದಕ್ಕೂ ಬಾರದ್ದನ್ನು ಹೊಲಿದಿದ್ದರು.

ಆಗ ನೆನಪಾದವನು ಅವರ ಕೇರಿಯ ದೈತ್ಯ, ಬೆತ್ತದಲ್ಲಿ ಹೆಣೆದ ಹಬ್ಬದ ಬೊಂಬೆ. ಮೆರವಣಿಗೆಯ ದಿನ ಮಾಡಿಗೆ ತಲೆ ತಾಗುವಷ್ಟು ಎತ್ತರ. ಅವನ ಕೋಟನ್ನು ಒಂದೇ ದಾರದ ಸರಪಳಿ ಹೊಲಿಗೆಯಲ್ಲಿ ಹೊಲಿಯುತ್ತಿದ್ದವಳು ಸೊಲೆನ್‌ಳ ಅಜ್ಜಿ. ಸಂಜೆ ಅಜ್ಜಿ ಏಣಿ ಹತ್ತಿ ಕಾಲರಿನಡಿಯ ಕೆಂಪು ಗಂಟು ಕತ್ತರಿಸಿ ದಾರ ಎಳೆದರೆ, ಆಲೂಗಡ್ಡೆ ಮೂಟೆಯ ಬಾಯಿ ಬಿಚ್ಚಿದ ಹಾಗೆ ಸರ್ರನೆ ಕೋಟೆಲ್ಲ ಬರೀ ಬಟ್ಟೆಯಾಗಿ ಕೆಳಗಿಳಿಯುತ್ತಿತ್ತು. ಮುಂದಿನ ವರ್ಷಕ್ಕೆಂದು ಪೆಟ್ಟಿಗೆ ಸೇರುತ್ತಿತ್ತು.

"ಅವನಿಗೆ ಚಳಿಯಾಗಲ್ವಾ ಅಜ್ಜೀ?" ಎಂದು ಕೇಳಿದ್ದಳು ಪುಟ್ಟ ಸೊಲೆನ್.

"ಮಲಗ್ತಾನಲ್ಲ ಕೂಸೇ, ಅವನಿಗ್ಯಾಕೆ ಕೋಟು? ಬಟ್ಟೆ ಮಾತ್ರ ಎಚ್ಚರವಾಗಿರತ್ತೆ."

ಮಧ್ಯಾಹ್ನ ಬಂದ ಮದಾಂ ದ್ಯುಬ್ರುಲ್ ಕೈಗವಸು ಸಹ ಬಿಚ್ಚಲಿಲ್ಲ. "ನೋಡು ಸೊಲೆನ್, ನಿನ್ನ ಮೇಲೆ ನಂಗೆ ಕೋಪ ಇಲ್ಲ. ಹಳೇದನ್ನ ವಾಪಸ್ ತಗೊಂಡು ವಿಲೇವಾರಿ ಮಾಡೋಕೆ ದೊಡ್ಡ ಕಂಪನಿಗಳಿಗೆ ಗೋದಾಮಿದೆ. ನಿನ್ನತ್ರ ಏನಿದೆ?"

"ಮೇಜಿದೆ," ಎಂದಳು ಸೊಲೆನ್. "ಮೊದಲು ಇದನ್ನ ಹಾಕ್ಕೊಳ್ಳಿ."

ಹೊಸ ಕೋಟು ಹಾಕಿಸಿ ಮುದುಕನ ಕಡೆ ತಿರುಗಿದಳು. "ಎಳೀರಿ ತೋಳನ್ನ. ಬೆಳಗಿಂದ ಆಸೆಪಡ್ತಾ ಇದೀರಲ್ಲ."

ಫ್ಲೋರಿಮಾನ್ ಹಠದಿಂದಲೇ ಎಳೆದ. ಮದಾಂ ಎರಡು ಹೆಜ್ಜೆ ಮುಗ್ಗರಿಸಿದಳು, ಹೊಲಿಗೆ ಮಿಸುಕಲಿಲ್ಲ.

"ನನ್ನನ್ನೇ ಹರಿದುಬಿಟ್ಟೀಯಾ ಮಾರಾಯ," ಎಂದಳು ಅವಳು.

ಸೊಲೆನ್ ಕೋಟನ್ನು ಮೇಜಿನ ಮೇಲೆ ಮಲಗಿಸಿ, ಕಾಲರ್ ಮಗುಚಿ, ಕೆಂಪು ಗಂಟು ಕತ್ತರಿಸಿದಳು. ಎಳೆದಳು. ಸರ್ರನೆ ಕಾಲರು ಬಂತು, ತೋಳು ಬಂದವು, ಎದೆ ಬೆನ್ನುಗಳು ಬೇರೆಯಾದವು. ಒಂದೆಳೆಯೂ ಹರಿದಿರಲಿಲ್ಲ.

"ಇದು ಇನ್ನೊಬ್ಬರ ಕೋಟಾಗತ್ತೆ. ಆಮೇಲೆ ಮಗುಂದು. ಅದೂ ಸವೆದ ಮೇಲೆ ಮತ್ತೆ ನೂಲು. ನನ್ನ ಹೊಣೆ ನಾನೇ ಹೊರ್ತೀನಿ. ನಿಮ್ಮ ದೊಡ್ಡೋರು ಹೀಗೆ ಒಂದು ತೋಳು ಬಿಚ್ಚಿ ತೋರಿಸ್ಲಿ ನೋಡೋಣ."

"ಬಿಚ್ಚಿಟ್ಟದ್ದನ್ನ ನಾನು ಮಾರೋದು ಹ್ಯಾಗಮ್ಮಾ?"

"ಸಂಜೆಯೊಳಗೆ ಹೊಲಿದಿರ್ತೀನಿ. ಬೇಡಾಂದ್ರೆ ನೀವು ಬಂದ ಬಾಗಿಲು ಅಲ್ಲೇ ಇದೆ."

ಮದಾಂ ದ್ಯುಬ್ರುಲ್ ಬಾಗಿಲ ಕಡೆ ನೋಡಲಿಲ್ಲ. ನಿಧಾನಕ್ಕೆ ಕೈಗವಸು ಕಳಚಿ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ತಿಕ್ಕಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

ಫ್ಲೋರಿಮಾನ್ ಬಾಯಿಂದ ಸೂಜಿಗಳನ್ನು ತೆಗೆದಿಟ್ಟ. ಬಗ್ಗಿ, ನೆಲದ ಮೇಲೆ ಸುರುಳಿಯಾಗಿ ಬಿದ್ದಿದ್ದ ದಾರವನ್ನೆತ್ತಿ ಬೆರಳಿಗೆ ಸುತ್ತಿಕೊಳ್ಳತೊಡಗಿದ, ತುದಿ ಕಳೆದುಹೋಗದ ಹಾಗೆ.