ಅಂಚೆ ಆಮೆಯ ಏಳು ಕಂತುಗಳು

ಟಿವಿ ಕೇಂದ್ರದ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಆ ಜಾಹೀರಾತು ಬಂತು. ಗೋಡೆಯ ಮೇಲಿನ ಟಿವಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಹಸಿರು ಆಮೆಯೊಂದು ಏದುಸಿರು ಬಿಡುತ್ತಾ ಬೆಟ್ಟ ಹತ್ತಿ, "ಬಂದೆ, ಬಂದೆ! ಬಾಗ್ಲು ಹಾಕ್ಬೇಡಿ!" ಎಂದು ಕೂಗಿತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಅಂಚೆ ಆಮೆ ಮತ್ತೆ ಬರುತ್ತಿದೆ! ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಐವತ್ತೆರಡು ಕಂತುಗಳೂ!' ಎಂದಿತ್ತು.

ಕ್ಯಾಂಟೀನು ಒಂದು ಕ್ಷಣ ಶಾಲೆಯಾಗಿಬಿಟ್ಟಿತು. ತಲೆ ಬೋಳಾಗಿದ್ದ ಕ್ಯಾಮೆರಾದವನು ಬಟ್ಟಲು ಬಡಿದ. ಸುದ್ದಿ ಓದುವಾಕೆ ನಗುತ್ತಾ, "ಶನಿವಾರ ಅಂದ್ರೆ ನಾನು ಸ್ನಾನಕ್ಕೇ ಹೋಗ್ತಿರ್ಲಿಲ್ಲ, ನಮ್ಮಮ್ಮ ಕಿವಿ ಹಿಡ್ಕೊಂಡು ಎಳ್ಕೊಂಡು ಹೋಗೋರು" ಎಂದಳು. ಎಲ್ಲರೂ ಒಟ್ಟಿಗೆ ಆಮೆಯ ಹಾಗೆ ಕೂಗಿದರು. ಮೂಲೆಯ ಮೇಜಿನಲ್ಲಿ ಕೂತಿದ್ದ ಟೇಪಕ್ಕನ ಕೈ ಮಾತ್ರ ತಟ್ಟೆಯಲ್ಲೇ ನಿಂತಿತ್ತು.

ಮೂವತ್ತನಾಲ್ಕು ವರ್ಷಗಳಿಂದ ಆ ಕೇಂದ್ರದ ಟೇಪು ಕೋಣೆ ನೋಡಿಕೊಳ್ಳುತ್ತಿದ್ದವಳು ಅವಳು. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ನಿವೃತ್ತಿಗೆ ಇನ್ನು ಏಳೆಂಟು ತಿಂಗಳಿತ್ತು. ಅರ್ಧ ಊಟ ಬಿಟ್ಟು ಎದ್ದು, ಹಳೆಯ ದಪ್ಪ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂರನೇ ಮಹಡಿಯಲ್ಲಿದ್ದ ಕಾರ್ಯಕ್ರಮ ಮುಖ್ಯಸ್ಥೆಯ ಕೋಣೆಗೆ ಹೋದಳು. ಮುಖ್ಯಸ್ಥೆ ಬಂದು ಒಂದು ವರ್ಷವಾಗಿತ್ತಷ್ಟೆ. ವಯಸ್ಸು ನಲವತ್ತರ ಒಳಗೆ.

"ಬನ್ನಿ ಟೇಪಕ್ಕ, ನಿಮ್ಮನ್ನೇ ಕರೆಸ್ಬೇಕು ಅಂತಿದ್ದೆ. ಆಮೆ ಟೇಪುಗಳನ್ನ ನಾಳೆ ತೆಗ್ಸಿಬಿಡಿ."

"ಏಳಿದೆ ಮೇಡಂ."

"ಏಳು ಪೆಟ್ಟಿಗೆನಾ?"

"ಏಳು ಕಂತು."

ಮುಖ್ಯಸ್ಥೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಇಲ್ಲಿ ಐವತ್ತೆರಡು ಅಂತ ಇದ್ಯಲ್ಲ?"

"ಅದು ಹೆಸರುಗಳ ಪಟ್ಟಿ. ಬೀರು ತೆಗೆದು ಯಾರೂ ನೋಡ್ಲಿಲ್ಲ." ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

"ಗೋದಾಮಲ್ಲಿ ಎಲ್ಲೋ ಬಿದ್ದಿರುತ್ತೆ, ಹುಡುಕ್ಸಿ."

"ಹುಡುಕೋಕೆ ಏನಿಲ್ಲ ಮೇಡಂ. ಮಿಕ್ಕಿದ್ದನ್ನ ಒರೆಸಿದ್ದು ನಾನೇ."

ಒರೆಸಿದ್ದು ಹೀಗೆ. ಅವಳು ಕೆಲಸಕ್ಕೆ ಸೇರಿದ ವರ್ಷ ಟೇಪುಗಳಿಗೆ ಬರ. ಎರಡು ಸಲ ತೋರಿಸಿ ಮುಗಿದ ಮಕ್ಕಳ ಕಾರ್ಯಕ್ರಮಗಳನ್ನೆಲ್ಲ ಒರೆಸಿ, ಟೇಪುಗಳನ್ನು ಸುದ್ದಿ ಮತ್ತು ಆಟಗಳ ವಿಭಾಗಕ್ಕೆ ಕೊಡಿ ಎಂದು ಸುತ್ತೋಲೆ ಬಂತು. ಟೇಪು ಕೋಣೆಯ ಹಿಂದೆ ಒಂದು ದೊಡ್ಡ ಅಯಸ್ಕಾಂತದ ಪೆಟ್ಟಿಗೆ ಇತ್ತು. ಟೇಪನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ, ಎರಡು ಸುತ್ತು ನಿಧಾನಕ್ಕೆ ತಿರುಗಿಸಿದರೆ ಮುಗಿಯಿತು, ಒಳಗಿದ್ದದ್ದು ಇರಲೇ ಇಲ್ಲವೆಂಬಂತೆ. ಕೈಗಡಿಯಾರ ಕಟ್ಟಿಕೊಂಡಿದ್ದರೆ ಅದೂ ನಿಂತುಹೋಗುತ್ತಿತ್ತು. ಅವಳು ಗಡಿಯಾರ ಬಿಚ್ಚಿ ಕಿಟಕಿಯ ಮೇಲಿಟ್ಟು, ಎರಡು ದಿನ ಆ ಕೆಲಸ ಮಾಡಿದಳು. ಹೊಸ ಕೆಲಸ, ಹೇಳಿದ್ದನ್ನು ಮಾಡುವ ವಯಸ್ಸು. ಯಾರೋ ತಪ್ಪಿ ಹಲ್ಲಿನ ಆರೋಗ್ಯದ ಕಾರ್ಯಕ್ರಮದ ಪೆಟ್ಟಿಗೆಯಲ್ಲಿಟ್ಟಿದ್ದ ಮೊದಲ ಏಳು ಕಂತುಗಳು ಮಾತ್ರ ಉಳಿದುಕೊಂಡವು.

ಆಗ ಅವಳ ತಮ್ಮನಿಗೆ ಹತ್ತು ವರ್ಷ. ಆಮೆಯೆಂದರೆ ಅವನಿಗೆ ಪ್ರಾಣ. ಕಥೆ ಸರಳವಾಗಿತ್ತು. ಬೆಟ್ಟದ ತುದಿಯಲ್ಲಿರುವ ಒಂದು ಮನೆಗೆ ಆಮೆ ಒಂದೇ ಒಂದು ಕಾಗದ ತಲುಪಿಸಬೇಕು, ಪ್ರತಿ ಶನಿವಾರ ದಾರಿಯಲ್ಲಿ ಏನೋ ಒಂದು ಅಡ್ಡ ಬರುತ್ತಿತ್ತು. "ನಮ್ಮಕ್ಕ ಆಮೇನ ಬೀರುವಲ್ಲಿ ಇಟ್ಟು ಬೀಗ ಹಾಕಿದ್ದಾಳೆ" ಎಂದು ಅವನು ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದ. ಒರೆಸಿ ಬಂದ ಸಂಜೆ, "ಆಮೆ ಹೇಗಿದೆ?" ಎಂದು ಕೇಳಿದ್ದಕ್ಕೆ, "ಚೆನ್ನಾಗಿದೆ" ಎಂದಿದ್ದಳು. ಆ ಸುಳ್ಳನ್ನು ತಿದ್ದುವ ಸಂದರ್ಭ ಆಮೇಲೆ ಬರಲೇ ಇಲ್ಲ. ಅವನು ದೊಡ್ಡವನಾದ, ಲಿಫ್ಟ್ ರಿಪೇರಿ ಕಲಿತ, ಮದುವೆಯಾದ. ಆಮೆಯನ್ನು ಯಾರು ಕೇಳುತ್ತಾರೆ?

ಮುಖ್ಯಸ್ಥೆ ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಆ ಕಾರ್ಟೂನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಜಾಹೀರಾತು ಹೋಗಿಯಾಗಿತ್ತು. "ಏಳು ಇದ್ಯಲ್ಲ, ಶುರು ಮಾಡೋಣ. ಮುಂದಿನದು ಮುಂದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು.

ಟೇಪಕ್ಕನ ತಮ್ಮ ಮಾತು ಕಳೆದುಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಒಂದು ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಮೋಟಾರಿಗೆ ಎಣ್ಣೆ ಬಿಡುತ್ತಿದ್ದವನು ಅಲ್ಲೇ ಕುಸಿದಿದ್ದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಹೋಯಿತು, ಮಾತೂ ಹೋಯಿತು. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ತಾನು ಹೇಳಬೇಕೆಂದಾಗ ಮಾತ್ರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಪದ, "ಅದು". "ಅದು, ಅದು, ಅದು" ಎನ್ನುತ್ತಾ ಎಡಗೈಯಿಂದ ತೊಡೆ ಹೊಡೆದುಕೊಳ್ಳುತ್ತಿದ್ದ. ಅವನ ಹೆಂಡತಿಗೆ ಒಂದು ಲಾಂಡ್ರಿಯಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಅವಳು ಹೋದ ಮೇಲೆ ಟೇಪಕ್ಕ ಬಂದು ಅವನ ಜೊತೆ ಇರುತ್ತಿದ್ದಳು.

ಮೊದಲ ಶನಿವಾರ ಒಂಬತ್ತಕ್ಕೆ ಅವಳು ಟಿವಿ ಹಾಕಿದಳು. ಹಾಕದೆ ಇರಬಹುದಿತ್ತು, ಆದರೆ ವಾರವಿಡೀ ಜಾಹೀರಾತು ನೋಡಿ ಅವನು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. ಅವತ್ತು ತಮ್ಮನ ಹೆಂಡತಿಯೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು, ಎರಡು ನಿಮಿಷ ನೋಡಿ ಹೋಗುತ್ತೇನೆ ಎಂದು. ಆಮೆ ಸೇತುವೆ ದಾಟಿತು, ಜಾರಿಬಿತ್ತು, ಬೆನ್ನ ಮೇಲೆ ಬುಗುರಿಯ ಹಾಗೆ ತಿರುಗಿತು. ಎದ್ದು ಬಾಯಿ ತೆರೆಯುವುದರೊಳಗೆ ಕುರ್ಚಿಯಿಂದ ಸ್ವರವೊಂದು ಬಂತು.

"ಬಂದೆ, ಬಂದೆ! ಬಾಗ್ಲು ಹಾಕ್ಬೇಡಿ!"

ಆಮೆಗಿಂತ ಮುಂಚೆ ಹೇಳಿದ್ದ. ತೊದಲಿಲ್ಲ. ತಾನು ಏನು ಹೇಳಿದೆ ಎಂದು ಅವನಿಗೇ ಗಾಬರಿಯಾಗಿ ಇಬ್ಬರ ಮುಖವನ್ನೂ ನೋಡಿದ. ಹೆಂಡತಿ ಒಂದು ಚಪ್ಪಲಿಯಲ್ಲೇ ಓಡಿ ಬಂದು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. "ಅತ್ತಿಗೆ, ಕೇಳಿಸ್ತಾ? ಅತ್ತಿಗೆ!" ಎಂದು ಅಳುತ್ತಾ ನಗುತ್ತಿದ್ದಳು. ಅವತ್ತು ಕೆಲಸಕ್ಕೆ ಹೋಗಲೇ ಇಲ್ಲ.

ವಾರಕ್ಕೊಮ್ಮೆ ಮಾತು ಕಲಿಸಲು ಬರುತ್ತಿದ್ದ ಟೀಚರಿಗೂ ಖುಷಿಯಾಯಿತು. ಚಿಕ್ಕಂದಿನಲ್ಲಿ ಬಾಯಿಪಾಠವಾದ ಮಾತು, ಹಾಡು ಕೆಲವರಿಗೆ ಹೀಗೆ ಬರುತ್ತದೆ ಎಂದರು. "ಇದೇ ಎಳೆ ಹಿಡ್ಕೊಂಡು ಎಳೀಬೇಕು. ಒಂದು ವಾರವೂ ತಪ್ಪಿಸ್ಬೇಡಿ. ಎಷ್ಟು ವಾರ ಬರುತ್ತೆ ಈ ಕಾರ್ಯಕ್ರಮ?"

"ಐವತ್ತೆರಡಂತೆ" ಎಂದಳು ತಮ್ಮನ ಹೆಂಡತಿ. ಟೇಪಕ್ಕ ನೀರು ತರುವ ನೆವದಲ್ಲಿ ಅಡುಗೆಮನೆಗೆ ಹೋದಳು.

ಆಮೇಲಿನ ವಾರಗಳಲ್ಲಿ ಅವಳು ಮಾಡದ ಪ್ರಯತ್ನವಿಲ್ಲ. ಹಿಂದೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡವರು ಯಾರಾದರೂ ಇದ್ದರೆ ತಂದುಕೊಡಿ ಎಂದು ಟಿವಿಯಲ್ಲಿ ಪ್ರಕಟಣೆ ಹಾಕಿಸಿದಳು. ಒಂಬತ್ತು ಕ್ಯಾಸೆಟ್ಟುಗಳು ಬಂದವು. ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಮೂರರಲ್ಲಿ ಬೇರೆ ಕಾರ್ಟೂನು. ಒಂದು ಖಾಲಿ. ನಿವೃತ್ತ ಮೇಷ್ಟರೊಬ್ಬರು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಕ್ಯಾಸೆಟ್ಟಿನ ಮೇಲೆ 'ಅಂಚೆ ಆಮೆ, ಕೊನೆಯ ಕಂತು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು. ಅದನ್ನು ಯಂತ್ರಕ್ಕೆ ಹಾಕಿದಳು. ಆಮೆಯ ಹಾಡಿನ ಎರಡು ಸಾಲು ಬಂದು, ಪರದೆ ಒಮ್ಮೆ ಕುಲುಕಿ, ಯಾರದೋ ಮದುವೆ ಶುರುವಾಯಿತು. ಒಂದೂವರೆ ಗಂಟೆ ಮದುವೆ. ಕೊನೆಯವರೆಗೂ ನೋಡಿದಳು. ಮದುವೆ ಮುಗಿದ ಮೇಲಾದರೂ ಆಮೆ ಬಂದೀತೇನೋ ಎಂದು.

"ಅದು ನನ್ನ ಮಗಳದ್ದೇ" ಎಂದರು ಮೇಷ್ಟರು ತಲೆ ತಗ್ಗಿಸಿ. "ಖಾಲಿ ಕ್ಯಾಸೆಟ್ ಸಿಗ್ಲಿಲ್ಲ ಅಂತ ನಮ್ಮ ಭಾವಮೈದ ಅದರ ಮೇಲೇ ಹಾಕ್ಬಿಟ್ನೋ ಏನೋ. ಕ್ಷಮಿಸ್ಬೇಕು ತಾಯಿ."

ಅವರೇಕೆ ಕ್ಷಮೆ ಕೇಳಬೇಕು ಎಂದು ಅವಳಿಗೆ ನಾಚಿಕೆಯಾಯಿತು.

ಏಳನೆಯ ಶನಿವಾರ ಮುಗಿಯಿತು. ಅಷ್ಟರಲ್ಲಿ ತಮ್ಮನಿಗೆ ಇನ್ನೂ ಕೆಲವು ಪದಗಳು ಬಂದಿದ್ದವು. ಬಾಗ್ಲು, ಬೆಟ್ಟ, ಕಾಗದ. ಒಂದು ಸಲ ಹೆಂಡತಿಯ ಹೆಸರಿನ ಮೊದಲಕ್ಷರ. ಎಂಟನೆಯ ಶನಿವಾರ ಒಂಬತ್ತಕ್ಕೆ ಆಮೆಯ ಜಾಗದಲ್ಲಿ ಎಣ್ಣೆ ಹಚ್ಚದೆಯೇ ಹುರಿಯುವ ಪಾತ್ರೆ ಮಾರುವ ಕಾರ್ಯಕ್ರಮ ಬಂತು. ತಾಂತ್ರಿಕ ಕಾರಣಗಳಿಂದ ಎಂದು ಕೆಳಗೆ ಒಂದು ಸಾಲು ಓಡಿತು. ಊರೆಲ್ಲ ಒಂದು ವಾರ ಬೈದು ಸುಮ್ಮನಾಯಿತು. ಮುಖ್ಯಸ್ಥೆ, "ಏನ್ಮಾಡೋದು ಟೇಪಕ್ಕ, ನನ್ನ ಕೈಲಿ ಏನಿದೆ" ಎಂದಳು. ಅವಳ ಕೈಯಲ್ಲೂ ಏನೂ ಇರಲಿಲ್ಲ, ಅದು ನಿಜವೇ.

ಟೇಪಕ್ಕ ಜೀವನದಲ್ಲಿ ಮೊದಲ ಸಲ ಕಳ್ಳತನ ಮಾಡಿದಳು. ಏಳು ಕಂತುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ತಮ್ಮನಿಗೆ ತೋರಿಸಿದಳು. ಮೊದಲ ಸಲ ನೋಡಿದ. ಎರಡನೇ ಸಲ ಅರ್ಧಕ್ಕೇ ಮುಖ ತಿರುಗಿಸಿದ. ಆಮೇಲೆ ಅವಳ ಸೆರಗು ಹಿಡಿದೆಳೆದು, ಟಿವಿ ತೋರಿಸಿ, ಸ್ಪಷ್ಟವಾಗಿ ಕೇಳಿದ:

"ಮುಂದೆ?"

ಅವನ ಸ್ವಂತ ಪದ ಅದು, ಆಮೆಯದ್ದಲ್ಲ. ಒಂದೂವರೆ ವರ್ಷದಲ್ಲಿ ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆ.

"ಮುಂದೆ... ಮುಂದೆ ಆಮೆ ಒಂದು ದೋಣಿ ಹತ್ತುತ್ತೆ ಕಣೋ" ಎಂದಳು. ಅವಳಿಗೆ ಏನೂ ನೆನಪಿರಲಿಲ್ಲ.

ಅವನು ತಲೆಯಾಡಿಸಿದ. ಅಲ್ಲ.

"ಕಾಡಿಗೆ ಹೋಗುತ್ತೆ?"

ಅಲ್ಲ. ಅವನಿಗೆ ಗೊತ್ತಿತ್ತು. ಎಂಟನೆಯದೂ ಇಪ್ಪತ್ತನೆಯದೂ ಕೊನೆಯದೂ ಅವನಿಗೆ ಗೊತ್ತಿತ್ತು. ಅವಳು ಅದನ್ನು ಅವನ ಕಣ್ಣಲ್ಲಿ ಕಂಡಳು. "ಅದು... ಅದು..." ಎಂದ. ಎಡಗೈಯನ್ನು ಮೇಲೆತ್ತಿ, ಏನೋ ದೊಡ್ಡದರ ಆಕಾರ ಬಿಡಿಸಿ, ಮತ್ತೆ "ಅದು" ಎಂದ. ಮರವೇ? ಮೋಡವೇ? ಮನೆಯೇ? ಅವಳು ಒಂದೊಂದೇ ಹೇಳುತ್ತಾ ಹೋದಳು. ಅವನು ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದ. ಹದಿನೈದು ನಿಮಿಷದ ನಂತರ ಇಬ್ಬರೂ ಬೆವೆತಿದ್ದರು. ಅವನು ತೊಡೆ ಹೊಡೆದುಕೊಳ್ಳಲು ಶುರುಮಾಡಿದ. ಅವಳು ಆ ಕೈ ಹಿಡಿದಳು.

"ನಾನೇ ಒರೆಸ್ದೆ ಮರಿ" ಎಂದಳು. "ನೀನು ಹತ್ತು ವರ್ಷದವನಿದ್ದಾಗ. ಒರೆಸು ಅಂದ್ರು, ಒರೆಸ್ದೆ. ಆಮೆ ಚೆನ್ನಾಗಿದೆ ಅಂತ ನಿಂಗೆ ಸುಳ್ಳು ಹೇಳ್ದೆ. ಮುಂದಿನದು ಇಲ್ಲ ಕಣೋ. ಎಲ್ಲೂ ಇಲ್ಲ."

ಅವನು ಅವಳನ್ನೇ ನೋಡಿದ. ಅವನ ತುಟಿ ಅಲುಗಿತು. ಏನೋ ಹೇಳಲು ಹೊರಟ, ಒಂದು ಪದವಲ್ಲ, ಇಡೀ ಒಂದು ಮಾತು. ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬರುವಷ್ಟು ಪ್ರಯತ್ನಪಟ್ಟ. ಬೈಗುಳವೋ, ಹೋಗಲಿ ಬಿಡು ಎಂಬುದೋ, ಆಮೆಗೆ ಸಂಬಂಧವೇ ಇಲ್ಲದ ಇನ್ನೇನೋ. ಅವಳು ಅವನ ಬಾಯನ್ನೇ ನೋಡುತ್ತಾ ಕಾದಳು. ಕೊನೆಗೆ ಉಸಿರು ಮಾತ್ರ ಹೊರಬಂತು. ಅವನು ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದ.

ಮಧ್ಯಾಹ್ನ ತಮ್ಮನ ಹೆಂಡತಿ ಬಂದಾಗ ಅವಳಿಗೂ ಹೇಳಿದಳು. ಅವಳು ಸೋಪಿನಿಂದ ಬಿರುಕುಬಿಟ್ಟ ಕೈಗಳನ್ನು ನೋಡಿಕೊಳ್ಳುತ್ತಾ ಕೇಳಿಸಿಕೊಂಡಳು. "ನೀವು ಒರೆಸದಿದ್ರೆ ಇನ್ಯಾರೋ ಒರೆಸ್ತಿದ್ರು ಅತ್ತಿಗೆ" ಎಂದಳು. ಊಟಕ್ಕೆ ತಟ್ಟೆ ಇಡುತ್ತಾ, "ಆದ್ರೂ ಮೊದಲೇ ಹೇಳ್ಬೇಕಿತ್ತು. ನಾನು ಐವತ್ತೆರಡು ವಾರ ಎಣಿಸ್ಕೊಂಡಿದ್ದೆ" ಎಂದಳು.

ಟೀಚರು ಬೇರೆ ಕಾರ್ಟೂನು ತೋರಿಸಿ ನೋಡಿದರು, ಹಳೆಯ ಹಾಡು ಹಾಡಿಸಿ ನೋಡಿದರು. ಕೆಲವು ತಿಂಗಳಲ್ಲಿ ಬೆಟ್ಟ ಹೋಯಿತು, ಕಾಗದ ಹೋಯಿತು. 'ಮುಂದೆ' ಎಂಬುದು ಸ್ವಲ್ಪ ಹೆಚ್ಚು ದಿನ ಉಳಿಯಿತು. ಊಟಕ್ಕೆ ಕೂತಾಗ, ಬಟ್ಟೆ ಹಾಕುವಾಗ, ಯಾವುದಕ್ಕೂ ಸಂಬಂಧವಿಲ್ಲದೆ ಹೇಳುತ್ತಿದ್ದ. ಆಮೇಲೆ ಅದೂ ನಿಂತಿತು. ಟೀಚರು ವಾರದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿದರು.

ಟೇಪಕ್ಕ ನಿವೃತ್ತಳಾದಳು. ಬೀಳ್ಕೊಡುಗೆಯಲ್ಲಿ ಅವಳಿಗೊಂದು ಹೂಗುಚ್ಛ ಕೊಟ್ಟು, ಕೇಂದ್ರದ ನೆನಪನ್ನೆಲ್ಲ ಕಾಪಾಡಿದವರು ಎಂದು ಹೊಗಳಿದರು. ಅವಳು ಎದ್ದು ಎರಡು ಮಾತಾಡಬೇಕೆಂದುಕೊಂಡು ಮೈಕಿನ ಮುಂದೆ ನಿಂತವಳು, ಥ್ಯಾಂಕ್ಸ್ ಹೇಳಿ ಕೂತಳು.

ಈಗಲೂ ಶನಿವಾರ ಬೆಳಿಗ್ಗೆ ಹೋಗುತ್ತಾಳೆ. ತಮ್ಮನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ಅವು ಮತ್ತೆ ಮಡಚಿಕೊಳ್ಳುತ್ತವೆ. ಪಕ್ಕದ ಮನೆಯ ಟಿವಿಯ ಸದ್ದು ಗೋಡೆಯ ಮೂಲಕ ಕೇಳಿಸುತ್ತದೆ. ಅವನಿಗೆ ಸೆಕೆಯಾಗುತ್ತಿದೆಯೋ ಚಳಿಯಾಗುತ್ತಿದೆಯೋ ತಿಳಿಯದೆ ಅವಳು ಕಿಟಕಿ ತೆಗೆಯುತ್ತಾಳೆ, ಅವನ ಮುಖ ನೋಡುತ್ತಾಳೆ, ಮತ್ತೆ ಹಾಕುತ್ತಾಳೆ.